ಆಗಮನ ಕಾಲ: ಕ್ರಿಸ್‌ಮಸ್ ಸಿದ್ಧತೆಯ ಮುಖ್ಯಾಂಶಗಳು

ಪರಿಭಾಷೆ

- ಆಗಮನ ಕಾಲ: ಕ್ರಿಸ್‌ಮಸ್‌ಗೆ ಮುಂಚಿನ 4 ಭಾನುವಾರಗಳನ್ನು ಒಳಗೊಂಡ ಆರಾಧನಾ ಕಾಲ, ಜನಬಳಕೆಯಲ್ಲಿ ಅಡ್ವೆಂಟ್
- ಮೂಲ ಪದ: ಲ್ಯಾಟಿನ್‌ನ ‘ಅದ್ವೆಂತುಸ್’, ಅರ್ಥ ಬರುವಿಕೆ, ಗ್ರೀಕ್ ಸಮಾನಪದ ‘ಪರೂಸಿಯಾ’
- ಕ್ರೈಸ್ತಪೂರ್ವ ಬಳಕೆ: ರೋಮನ್ ಚಕ್ರವರ್ತಿಯ ಅಧಿಕೃತ ಪುರಪ್ರವೇಶ
- ಕನ್ನಡ ಕಥೋಲಿಕ ಪರಿಭಾಷೆ: ಕ್ರಿಸ್ತಜಯಂತಿ (ಕ್ರಿಸ್‌ಮಸ್), ತಪಸ್ಸುಕಾಲ (ಪಾಸ್ಕಪೂರ್ವ 40 ದಿನಗಳ ಕಾಲ), ಬಲಿಪೂಜೆ (ಮಾಸ್), ಪಾಪನಿವೇದನೆ (ಕನ್ಫೆಷನ್), ಧರ್ಮಕೇಂದ್ರ (ಪ್ಯಾರಿಷ್), ಧರ್ಮಪ್ರಾಂತ (ಡಯಾಸಿಸ್)
- ಮಂಗಳೂರು ಕೊಂಕಣಿಯಲ್ಲಿ ಕ್ರಿಸ್‌ಮಸ್: ನತಾಲ್, ಪೋರ್ಚುಗೀಸ್ ಮೂಲ

ಕಾಲಗಣನೆ

- ಆರಂಭ: ನವೆಂಬರ್ 30ಕ್ಕೆ (ಸಂತ ಅಂದ್ರೆಯರ ಹಬ್ಬ) ಅತಿ ಸಮೀಪದ ಭಾನುವಾರ
- ಅತಿ ಬೇಗನೆಯ ಆರಂಭ: ನವೆಂಬರ್ 27. ಅತಿ ತಡವಾದ ಆರಂಭ: ಡಿಸೆಂಬರ್ 3
- ಕನಿಷ್ಠ ಅವಧಿ 22 ದಿನ, ಗರಿಷ್ಠ 28 ದಿನ
- ಕ್ರಿಸ್‌ಮಸ್ ಭಾನುವಾರ ಬಿದ್ದರೆ ಗರಿಷ್ಠ ಅವಧಿ (ಉದಾ: 2022), ಸೋಮವಾರ ಬಿದ್ದರೆ ಕನಿಷ್ಠ (ಉದಾ: 2023)
- 2023ರ ವಿಶೇಷ: ಡಿಸೆಂಬರ್ 24ರ ಬೆಳಿಗ್ಗೆ 4ನೇ ಆಗಮನ ಭಾನುವಾರ, ಅದೇ ಸಂಜೆ ಕ್ರಿಸ್‌ಮಸ್ ಜಾಗರಣೆ
- ನಿಖರ ಆರಂಭ: ಶನಿವಾರದ ಸಂಜೆಯ ಪ್ರಾರ್ಥನೆ. ನಿಖರ ಅಂತ್ಯ: ಡಿಸೆಂಬರ್ 24ರ ಸಂಜೆಯ ಪ್ರಾರ್ಥನೆಗೆ ಮುಂಚೆ
- ರೋಮನ್ ವಿಧಿಯಲ್ಲಿ ಆರಾಧನಾ ವರ್ಷದ ಮೊದಲ ದಿನ: 1ನೇ ಆಗಮನ ಭಾನುವಾರ; ಜನವರಿ 1 ಅಲ್ಲ
- ಆರಾಧನಾ ವರ್ಷದ ಕೊನೆಯ ಭಾನುವಾರ: ಕ್ರಿಸ್ತರಾಜರ ಹಬ್ಬ, ಸ್ಥಾಪನೆ ಪೋಪ್ 11ನೇ ಪಿಯುಸ್, ವಿಶ್ವಪತ್ರ ‘ಕ್ವಾಸ್ ಪ್ರಿಮಾಸ್’, 11 ಡಿಸೆಂಬರ್ 1925
- ಬೈಜಾಂಟೈನ್ ವಿಧಿಯ ವರ್ಷಾರಂಭ: ಸೆಪ್ಟೆಂಬರ್ 1
- ‘ತಿಂಗಳಿಡೀ ಆಗಮನ ಕಾಲ’, ‘ಡಿಸೆಂಬರ್ 1ರಿಂದ 24’ ಎಂಬ ಪರೀಕ್ಷೆಯ ಆಯ್ಕೆಗಳು: ತಪ್ಪು. ಡಿಸೆಂಬರ್ 1 ಅಂಗಡಿಯಲ್ಲಿ ಮಾರುವ ಅಡ್ವೆಂಟ್ ಕ್ಯಾಲೆಂಡರ್‌ನ ಲೆಕ್ಕ, ಚರ್ಚಿನದಲ್ಲ

ಇತಿಹಾಸ: ಕಾಲಾನುಕ್ರಮ

- ಕ್ರಿ.ಶ. 336: ಡಿಸೆಂಬರ್ 25ರ ಕ್ರಿಸ್ತಜನನ ಆಚರಣೆಗೆ ರೋಮ್‌ನ ಆದ್ಯ ದಾಖಲೆ; ಆಕರ 354ರ ಪಂಚಾಂಗ
- 380: ಸ್ಪೇನ್‌ನ ಸರಗೋಸಾ ಧರ್ಮಸಭೆ, ಡಿಸೆಂಬರ್ 17ರಿಂದ ಜನವರಿ 6ರವರೆಗೆ 21 ದಿನ ಚರ್ಚಿಗೆ ಗೈರುಹಾಜರಿ ನಿಷೇಧ
- 5ನೇ ಶತಮಾನ: ಗಾಲ್ ದೇಶದ (ಇಂದಿನ ಫ್ರಾನ್ಸ್) ತೂರ್ ನಗರದ ಬಿಷಪ್ ಪೆರ್ಪೆತುಯುಸ್, ನವೆಂಬರ್ 11ರಿಂದ ಕ್ರಿಸ್‌ಮಸ್‌ವರೆಗೆ ವಾರಕ್ಕೆ 3 ದಿನ ಉಪವಾಸ
- ಈ ಉಪವಾಸದ ರೂಢನಾಮ: ಸಂತ ಮಾರ್ಟಿನರ ತಪಸ್ಸುಕಾಲ
- 581: ಮಾಕೊನ್ ಧರ್ಮಸಭೆ, ಸೋಮವಾರ, ಬುಧವಾರ, ಶುಕ್ರವಾರ ಉಪವಾಸ ವಿಧಿ
- 590–604: ಪೋಪ್ 1ನೇ ಗ್ರೆಗರಿ; 4 ವಾರಗಳ ರೋಮನ್ ಕ್ರಮ ಸಾಂಪ್ರದಾಯಿಕವಾಗಿ ಇವರ ಹೆಸರಿಗೆ
- 656: 10ನೇ ತೊಲೆದೊ ಧರ್ಮಸಭೆ, ಮಂಗಳವಾರ್ತೆಯ (ಮರಿಯಳಿಗೆ ಗಬ್ರಿಯೇಲ ದೂತನ ಸಂದೇಶ) ಹಬ್ಬ ಡಿಸೆಂಬರ್ 18ಕ್ಕೆ. ಕಾರಣ: ಅದರ ರೂಢಿಯ ದಿನ ಮಾರ್ಚ್ 25 ತಪಸ್ಸುಕಾಲದ ನಡುವೆ ಬೀಳುವಿಕೆ
- 1563: ಟ್ರೆಂಟ್ ಮಹಾಸಭೆ, 24ನೇ ಅಧಿವೇಶನ, ಆಗಮನ ಕಾಲದಲ್ಲಿ ವಿಜೃಂಭಣೆಯ ಮದುವೆಗೆ ನಿರ್ಬಂಧ. ಕರಾವಳಿ ಕಥೋಲಿಕರಲ್ಲಿ ಮದುವೆ ಋತು ಕ್ರಿಸ್‌ಮಸ್ ನಂತರ ಎಂಬ ರೂಢಿಯ ಹಿನ್ನೆಲೆ
- 4 ಡಿಸೆಂಬರ್ 1963: 2ನೇ ವ್ಯಾಟಿಕನ್ ಮಹಾಸಭೆಯ ಆರಾಧನಾ ಸಂವಿಧಾನ ‘ಸಾಕ್ರೊಸಾಂಕ್ತುಮ್ ಕೊಂಚಿಲಿಯುಮ್’, ಜನಭಾಷೆಯ ಪೂಜಾವಿಧಿಗೆ, ಆ ಮೂಲಕ ಕನ್ನಡ ಬಲಿಪೂಜೆಗೆ ದಾರಿ. ಘೋಷಣೆಯ ದಿನವೂ ಆಗಮನ ಕಾಲದೊಳಗೇ
- 14 ಫೆಬ್ರವರಿ 1969: ಪೋಪ್ 6ನೇ ಪೌಲರ ‘ಮಿಸ್ತೇರಿಯಿ ಪಾಸ್ಕಾಲಿಸ್’, ಆರಾಧನಾ ಪಂಚಾಂಗದ ಪರಿಷ್ಕರಣೆ
- 30 ನವೆಂಬರ್ 1969: ಹೊಸ ಬಲಿಪೂಜಾ ವಿಧಿಯ ಜಾರಿ, ಅದೇ ದಿನ 1ನೇ ಆಗಮನ ಭಾನುವಾರ
- ಗಮನಿಸಿ: ಮೊದಲ 200 ವರ್ಷಗಳ ದಾಖಲೆಗಳಲ್ಲಿ ಹಾಜರಿ ಮತ್ತು ಉಪವಾಸ ಮಾತ್ರ. ಮೇಣಬತ್ತಿ, ಕ್ಯಾಲೆಂಡರ್, ನಕ್ಷತ್ರ ಎಲ್ಲವೂ 19ನೇ ಶತಮಾನದಿಂದೀಚೆಯವು

ದೈವಶಾಸ್ತ್ರೀಯ ಅಂಶಗಳು

- ದ್ವಿಮುಖ ಸ್ವರೂಪ: ಕ್ರಿಸ್ತನ ಮೊದಲ ಬರುವಿಕೆಯ ಸ್ಮರಣೆ, ಎರಡನೇ ಬರುವಿಕೆಯ ನಿರೀಕ್ಷೆ
- ವಿಭಜನೆ: ಆರಂಭದಿಂದ ಡಿಸೆಂಬರ್ 16ರವರೆಗೆ ಎರಡನೇ ಬರುವಿಕೆಗೆ ಒತ್ತು; ಡಿಸೆಂಬರ್ 17–24 ಬೇತ್ಲೆಹೇಮಿನ ಜನನಕ್ಕೆ ನೇರ ಸಿದ್ಧತೆ
- ಅಂದರೆ ಕಾಲದ ಮೊದಲರ್ಧದಲ್ಲಿ ಬಾಲಯೇಸುವಿನ ಪ್ರಸ್ತಾಪ ವಿರಳ. ಪರೀಕ್ಷಾರ್ಥಿಗಳು ಹೆಚ್ಚು ತಪ್ಪುವ ಅಂಶ
- ಮೂರು ಬರುವಿಕೆಗಳ ಸಿದ್ಧಾಂತ: ಕ್ಲೆರ್ವೊದ ಸಂತ ಬರ್ನಾರ್ಡ್ (1090–1153). ಶರೀರದಲ್ಲಿ, ಅಂತರಂಗದಲ್ಲಿ, ಮಹಿಮೆಯಲ್ಲಿ
- ಸಿದ್ಧತೆಯ ಅಂಗಗಳು: ಪ್ರಾರ್ಥನೆ, ಪಶ್ಚಾತ್ತಾಪ, ದಾನ, ಸತ್ಯವೇದ ಪಠಣ, ಪಾಪನಿವೇದನೆ
- ಪಾಪನಿವೇದನೆಯ ಕಾನೂನು: 1983ರ ಧರ್ಮಸಭಾ ಸಂಹಿತೆ, ವಿಧಿ 989, ಗಂಭೀರ ಪಾಪಗಳ ನಿವೇದನೆ ವರ್ಷಕ್ಕೆ ಕನಿಷ್ಠ 1 ಬಾರಿ
- ನಿರೀಕ್ಷೆ ಕುರಿತ ವಿಶ್ವಪತ್ರ: ‘ಸ್ಪೆ ಸಾಲ್ವಿ’, ಪೋಪ್ 16ನೇ ಬೆನೆಡಿಕ್ಟ್, 30 ನವೆಂಬರ್ 2007

ಪ್ರಮುಖ ವ್ಯಕ್ತಿಗಳು (ಸತ್ಯವೇದ)

- ಪ್ರವಾದಿ ಯೆಶಾಯ: ಆಗಮನ ಕಾಲದ ಮುಖ್ಯ ಹಳೆ ಒಡಂಬಡಿಕೆ ಧ್ವನಿ
- ಸ್ನಾನಿಕ ಯೊವಾನ್ನ: 2ನೇ ಮತ್ತು 3ನೇ ಭಾನುವಾರಗಳ ಕೇಂದ್ರ ವ್ಯಕ್ತಿ, ಪಠಣ ಚಕ್ರದ ಮೂರೂ ವರ್ಷ (ಎ, ಬಿ, ಸಿ). ಸತ್ಯವೇದದ ಪ್ರಾಟೆಸ್ಟಂಟ್ ಅನುವಾದದಲ್ಲಿ ಯೋಹಾನ
- ಮರಿಯ: 4ನೇ ಭಾನುವಾರ
- ಜೋಸೆಫ್: 4ನೇ ಭಾನುವಾರ, ‘ಎ’ ವರ್ಷದಲ್ಲಿ ಮಾತ್ರ
- ಗಬ್ರಿಯೇಲ ದೂತ: ಜಕರೀಯನಿಗೆ ಜೆರುಸಲೇಮಿನ ದೇವಾಲಯದಲ್ಲಿ, ಮರಿಯಳಿಗೆ ನಜರೇತಿನಲ್ಲಿ ದರ್ಶನ

ಪ್ರಮುಖ ಉಲ್ಲೇಖಗಳು

- ಇಮ್ಮಾನುವೇಲ್ ಪ್ರವಾದನೆ: ಯೆಶಾಯ 7:14
- ಇಷಯನ ಬುಡದ ಚಿಗುರು: ಯೆಶಾಯ 11:1
- ಅರಣ್ಯದ ಧ್ವನಿ: ಯೆಶಾಯ 40:3
- ಜನನಸ್ಥಳ ಬೇತ್ಲೆಹೇಮ್: ಮೀಕ 5:2
- ದೂತನ ಮುನ್ನಡೆ: ಮಲಾಕಿ 3:1
- ಮಂಗಳವಾರ್ತೆ: ಲೂಕ 1:26–38
- ಮರಿಯಳ ಸ್ತುತಿಗೀತೆ: ಲೂಕ 1:46–55
- ಜಕರೀಯನ ಸ್ತುತಿಗೀತೆ: ಲೂಕ 1:68–79
- ಗೋದಲಿಯ (ಕ್ರಿಸ್ತಜನನದ ದೃಶ್ಯರೂಪ) ಎತ್ತು ಮತ್ತು ಕತ್ತೆ: ಶುಭಸಂದೇಶಗಳ ಜನನ ವೃತ್ತಾಂತದಲ್ಲಿ ಇಲ್ಲ, ಆಧಾರ ಯೆಶಾಯ 1:3

ಭಾನುವಾರದ ಶುಭಸಂದೇಶ ಪಠಣಗಳು (ರೋಮನ್ ವಿಧಿ)

- ವರ್ಷ ಚಕ್ರ: ಎ – ಮತ್ತಾಯ, ಬಿ – ಮಾರ್ಕ, ಸಿ – ಲೂಕ
- ಗುರುತಿಸುವ ಸೂತ್ರ: 3ರಿಂದ ನಿಶ್ಶೇಷವಾಗಿ ಭಾಗವಾಗುವ ವರ್ಷ ‘ಸಿ’ (ಉದಾ: 2025, 2028). ಆದರೆ ಆ ವರ್ಷದ ಆರಂಭ ಹಿಂದಿನ ನವೆಂಬರ್ ಅಥವಾ ಡಿಸೆಂಬರ್‌ನಲ್ಲಿ
- 1ನೇ ಭಾನುವಾರ, ವಿಷಯ ಎಚ್ಚರ: ಎ – ಮತ್ತಾಯ 24:37–44, ಬಿ – ಮಾರ್ಕ 13:33–37, ಸಿ – ಲೂಕ 21:25–28, 34–36
- 2ನೇ ಭಾನುವಾರ, ವಿಷಯ ದಾರಿಯ ಸಿದ್ಧತೆ: ಎ – ಮತ್ತಾಯ 3:1–12, ಬಿ – ಮಾರ್ಕ 1:1–8, ಸಿ – ಲೂಕ 3:1–6
- 3ನೇ ಭಾನುವಾರ, ವಿಷಯ ಆನಂದ: ಎ – ಮತ್ತಾಯ 11:2–11, ಬಿ – ಯೊವಾನ್ನ 1:6–8, 19–28, ಸಿ – ಲೂಕ 3:10–18
- 4ನೇ ಭಾನುವಾರ, ವಿಷಯ ಜನನದ ಮುನ್ಸೂಚನೆ: ಎ – ಮತ್ತಾಯ 1:18–24, ಬಿ – ಲೂಕ 1:26–38, ಸಿ – ಲೂಕ 1:39–45
- ‘ಬಿ’ ವರ್ಷದ ಅಪವಾದ: 3 ಮತ್ತು 4ನೇ ಭಾನುವಾರ ಮಾರ್ಕ ಇಲ್ಲ. 4ನೇ ಭಾನುವಾರದ ಕಾರಣ: ಮಾರ್ಕನ ಶುಭಸಂದೇಶದಲ್ಲಿ ಜನನ ವೃತ್ತಾಂತವೇ ಇಲ್ಲ

ಭಾನುವಾರಗಳ ಲ್ಯಾಟಿನ್ ಹೆಸರುಗಳು

- 1: ಆದ್ ತೆ ಲೆವಾವಿ, 2: ಪೋಪುಲುಸ್ ಸಿಯೋನ್, 3: ಗೌದೇತೆ, 4: ರೊರಾತೆ
- ಹೆಸರಿನ ಮೂಲ: ಆಯಾ ದಿನದ ಪ್ರವೇಶಗೀತೆಯ ಮೊದಲ ಪದಗಳು
- ಗೌದೇತೆ: ಅರ್ಥ ‘ಆನಂದಿಸಿರಿ’, ಆಧಾರ ಫಿಲಿಪ್ಪಿಯರಿಗೆ ಪತ್ರ 4:4
- ರೊರಾತೆ ಪೂಜೆ: ನಸುಕಿನಲ್ಲಿ ಮೇಣಬತ್ತಿಯ ಬೆಳಕಿನಲ್ಲಷ್ಟೇ ಅರ್ಪಿಸುವ ಮರಿಯಮಾತೆಯ ಪೂಜೆ

ಬಣ್ಣ ಮತ್ತು ವಿಧಿ: ತಪಸ್ಸುಕಾಲದೊಂದಿಗೆ ಹೋಲಿಕೆ

- ಪೂಜಾವಸ್ತ್ರದ ಬಣ್ಣ: ಎರಡೂ ಕಾಲಕ್ಕೆ ನೇರಳೆ
- ಗುಲಾಬಿ ಬಣ್ಣ: ವರ್ಷಕ್ಕೆ 2 ದಿನ ಮಾತ್ರ. 3ನೇ ಆಗಮನ ಭಾನುವಾರ, ತಪಸ್ಸುಕಾಲದ 4ನೇ ಭಾನುವಾರ
- ನೀಲಿ ಬಣ್ಣ: ಕೆಲವು ಆಂಗ್ಲಿಕನ್ ಮತ್ತು ಲೂಥರನ್ ಸಭೆಗಳಲ್ಲಿ
- ಮಹಿಮಾ ಗೀತೆ: ಎರಡೂ ಕಾಲದ ಭಾನುವಾರಗಳಲ್ಲಿ ಇಲ್ಲ
- ಅಲ್ಲೆಲೂಯ: ಆಗಮನ ಕಾಲದಲ್ಲಿ ಉಂಟು, ತಪಸ್ಸುಕಾಲದಲ್ಲಿ ಇಲ್ಲ
- ಪೀಠದ ಹೂವು: ಆಗಮನ ಕಾಲದಲ್ಲಿ ಮಿತ; ತಪಸ್ಸುಕಾಲದಲ್ಲಿ ನಿಷಿದ್ಧ (4ನೇ ಭಾನುವಾರ, ಮಹೋತ್ಸವ ಹಾಗೂ ಹಬ್ಬಗಳ ಹೊರತು)
- ಇಂದಿನ ರೋಮನ್ ವಿಧಿಯಲ್ಲಿ ಕಡ್ಡಾಯ ಉಪವಾಸ ದಿನಗಳು: ಬೂದಿ ಬುಧವಾರ, ಶುಭ ಶುಕ್ರವಾರ. ಆಗಮನ ಕಾಲದಲ್ಲಿ ಶೂನ್ಯ
- ಆದ್ದರಿಂದ ‘ಆಗಮನ ಕಾಲ ಎಂದರೆ ಕಿರು ತಪಸ್ಸುಕಾಲ’: 6ನೇ ಶತಮಾನಕ್ಕೆ ಸರಿ, ಇಂದಿನ ರೋಮನ್ ವಿಧಿಗೆ ಅರ್ಧ ಸರಿ

‘ಓ’ ಪಲ್ಲವಿಗಳು

- ಅವಧಿ: ಡಿಸೆಂಬರ್ 17–23, ಸಂಖ್ಯೆ 7, ಪ್ರತಿಯೊಂದೂ ‘ಓ’ ಎಂಬ ಸಂಬೋಧನೆಯಿಂದ ಆರಂಭ
- ಸಂದರ್ಭ: ಸಂಜೆಯ ಪ್ರಾರ್ಥನೆ; ಮರಿಯಳ ಸ್ತುತಿಗೀತೆಯ ಹಿಂದು ಮುಂದು
- ಕ್ರಮ: 17 ಸಪಿಯೆಂತಿಯ (ಜ್ಞಾನ), 18 ಅದೋನಾಯ್ (ಪ್ರಭು), 19 ರಾದಿಕ್ಸ್ (ಇಷಯನ ಬೇರು), 20 ಕ್ಲಾವಿಸ್ (ದಾವೀದನ ಬೀಗದಕೈ), 21 ಓರಿಯೆನ್ಸ್ (ಉದಯತಾರೆ), 22 ರೆಕ್ಸ್ (ಜನಾಂಗಗಳ ಅರಸ), 23 ಇಮ್ಮಾನುವೇಲ್
- ಮೊದಲಕ್ಷರಗಳ ಹಿಮ್ಮುಖ ಜೋಡಣೆ: ‘ಎರೊ ಕ್ರಾಸ್’, ಲ್ಯಾಟಿನ್ ಅರ್ಥ ‘ನಾಳೆ ನಾನಿರುವೆನು’
- ಮಧ್ಯಯುಗದ ಇಂಗ್ಲೆಂಡಿನ ಕ್ರಮ: ಡಿಸೆಂಬರ್ 16ರಿಂದ ಆರಂಭ
- ಪದ್ಯರೂಪ: ‘ವೇನಿ ವೇನಿ ಎಮ್ಮಾನುವೆಲ್’, ಮುದ್ರಣ ಕಲೋನ್, 1710. ಇಂಗ್ಲಿಷ್ ಅನುವಾದಕ ಜಾನ್ ಮೇಸನ್ ನೀಲ್, 1851
- ರಾಗದ ಮೂಲ: 15ನೇ ಶತಮಾನದ ಫ್ರೆಂಚ್ ಹಸ್ತಪ್ರತಿ, 1966ರಲ್ಲಿ ಗುರುತಿಸಿದವರು ಮೇರಿ ಬೆರಿ

ಸಂಕೇತಗಳು: ಮೂಲ ಮತ್ತು ವರ್ಷ

*ಮೇಣಬತ್ತಿಯ ಹಸಿರು ವೃತ್ತ (ಅಡ್ವೆಂಟ್ ರೀತ್)*
- ಪ್ರವರ್ತಕ: ಯೊಹಾನ್ ಹಿನ್ರಿಚ್ ವಿಚೆರ್ನ್ (1808–1881), ಲೂಥರನ್ ಪಾದ್ರಿ
- ಸ್ಥಳ: ಹ್ಯಾಂಬರ್ಗ್‌ನ ‘ರೌಹೆಸ್ ಹೌಸ್’, ನಿರ್ಗತಿಕ ಮಕ್ಕಳ ಆಶ್ರಯಧಾಮ; ಸ್ಥಾಪನೆ 1833
- ಮೊದಲ ವೃತ್ತ: 1839, ಮರದ ಚಕ್ರ, ಭಾನುವಾರಕ್ಕೆ ದೊಡ್ಡ ಬಿಳಿ ಬತ್ತಿ 4, ವಾರದ ದಿನಗಳಿಗೆ ಸಣ್ಣ ಕೆಂಪು ಬತ್ತಿ
- ಉದ್ದೇಶ: ‘ಕ್ರಿಸ್‌ಮಸ್ ಯಾವಾಗ’ ಎಂದು ಕೇಳುವ ಮಕ್ಕಳಿಗೆ ದಿನಗಣನೆ
- ಕಥೋಲಿಕ ಚರ್ಚಿನಲ್ಲಿ ಮೊದಲು: ಕಲೋನ್, 1925
- ಇಂದಿನ ಕ್ರಮ: ನೇರಳೆ 3, ಗುಲಾಬಿ 1, ಕ್ರಿಸ್‌ಮಸ್‌ಗೆ ನಡುವೆ ಬಿಳಿ 1 (ಐಚ್ಛಿಕ)
- ಗುಲಾಬಿ ಬತ್ತಿ: 3ನೆಯದು, ಕೊನೆಯದಲ್ಲ
- ಬತ್ತಿಗಳ ರೂಢನಾಮ: ನಿರೀಕ್ಷೆ, ಶಾಂತಿ, ಆನಂದ, ಪ್ರೀತಿ. ಇನ್ನೊಂದು ಸರಣಿ: ಪ್ರವಾದಿ, ಬೇತ್ಲೆಹೇಮ್, ಕುರುಬರು, ದೇವದೂತರು

*ಗೋದಲಿ*
- ಪ್ರವರ್ತಕ: ಅಸಿಸಿಯ ಸಂತ ಫ್ರಾನ್ಸಿಸ್, ಸ್ಥಳ ಇಟಲಿಯ ಗ್ರೆಚ್ಚೊ, ವರ್ಷ 1223
- ಆದ್ಯ ವರದಿಗಾರ: ಚೆಲಾನೊದ ಥಾಮಸ್
- ಮೂಲ ಗೋದಲಿಯಲ್ಲಿ: ಹುಲ್ಲು, ಜೀವಂತ ಎತ್ತು, ಜೀವಂತ ಕತ್ತೆ
- ಗೋದಲಿ ಕುರಿತ ಪ್ರೇಷಿತ ಪತ್ರ: ‘ಅದ್ಮಿರಾಬಿಲೆ ಸಿಗ್ನುಮ್’, ಪೋಪ್ ಫ್ರಾನ್ಸಿಸ್, ಸಹಿ ಗ್ರೆಚ್ಚೊದಲ್ಲೇ, 1 ಡಿಸೆಂಬರ್ 2019 (1ನೇ ಆಗಮನ ಭಾನುವಾರ)
- 800ನೇ ವರ್ಷಾಚರಣೆ: 2023
- ಸಂತ ಪೇತ್ರರ ಚೌಕದಲ್ಲಿ ಗೋದಲಿ ಮತ್ತು ಕ್ರಿಸ್‌ಮಸ್ ಮರದ ಆರಂಭ: 1982, ಪೋಪ್ 2ನೇ ಜಾನ್ ಪಾಲ್
- ರೂಢಿ: ಬಾಲಯೇಸುವಿನ ಪ್ರತಿಮೆ ಡಿಸೆಂಬರ್ 24ರ ರಾತ್ರಿಯವರೆಗೆ ಗೋದಲಿಯಲ್ಲಿ ಇಲ್ಲ

*ಇತರೆ*
- ಮುದ್ರಿತ ಅಡ್ವೆಂಟ್ ಕ್ಯಾಲೆಂಡರ್: ಗೆರ್ಹಾರ್ಡ್ ಲಾಂಗ್, ಮ್ಯೂನಿಕ್, 20ನೇ ಶತಮಾನದ ಆರಂಭ, ಕಿಟಕಿಗಳ ಸಂಖ್ಯೆ 24
- ಮೊರೇವಿಯನ್ ನಕ್ಷತ್ರ: ಜರ್ಮನಿಯ ನೀಸ್ಕಿ ಶಾಲೆ, 1830ರ ದಶಕ, ಮೂಲ ರೇಖಾಗಣಿತದ ಪಾಠೋಪಕರಣ
- ಇಷಯನ ಮರ: ಯೇಸುವಿನ ವಂಶಾವಳಿಯ ಚಿತ್ರಣ, 12ನೇ ಶತಮಾನದ ಗಾಜಿನ ಕಿಟಕಿ, ಶಾರ್ತ್ರ್ ಕ್ಯಾಥೆಡ್ರಲ್, ಫ್ರಾನ್ಸ್

ಆಗಮನ ಕಾಲದ ಹಬ್ಬಗಳು

- ಡಿಸೆಂಬರ್ 3: ಸಂತ ಫ್ರಾನ್ಸಿಸ್ ಕ್ಸೇವಿಯರ್, ಮರಣ 1552, ಪಾರ್ಥಿವ ಶರೀರ ಹಳೆ ಗೋವಾದ ಬೊಮ್ ಜೀಸಸ್ ಬೆಸಿಲಿಕಾ
- ಡಿಸೆಂಬರ್ 6: ಸಂತ ನಿಕೊಲಾಸ್, ಮೈರಾದ ಬಿಷಪ್, ಸಾಂಟಾ ಕ್ಲಾಸ್ ಕಲ್ಪನೆಯ ಮೂಲ
- ಡಿಸೆಂಬರ್ 7: ಮಿಲಾನಿನ ಸಂತ ಅಂಬ್ರೋಸ್
- ಡಿಸೆಂಬರ್ 8: ಅಮಲೋದ್ಭವ ಮಾತೆ, ಸಿದ್ಧಾಂತ ಘೋಷಣೆ 1854, ಪೋಪ್ 9ನೇ ಪಿಯುಸ್. ಇಲ್ಲಿಂದ 9 ತಿಂಗಳಿಗೆ ಸೆಪ್ಟೆಂಬರ್ 8, ಮರಿಯಳ ಜನನದ ಹಬ್ಬ, ಕರಾವಳಿಯಲ್ಲಿ ಅದೇ ಮೊಂತಿ ಫೆಸ್ತ್
- ಡಿಸೆಂಬರ್ 12: ಗ್ವಾದಲೂಪೆ ಮಾತೆ, ದರ್ಶನ 1531, ಮೆಕ್ಸಿಕೊ
- ಡಿಸೆಂಬರ್ 13: ಸಂತ ಲೂಸಿ, ಸ್ವೀಡನ್ನಿನ ದೀಪೋತ್ಸವ
- ಡಿಸೆಂಬರ್ 21: ಸಂತ ತೋಮರ ಹಳೆಯ ಹಬ್ಬ, ರೋಮನ್ ಪಂಚಾಂಗದಲ್ಲಿ 1969ರ ಪರಿಷ್ಕರಣೆಯಲ್ಲಿ ಜುಲೈ 3ಕ್ಕೆ

ಪೌರಸ್ತ್ಯ ಸಭೆಗಳು

- ಬೈಜಾಂಟೈನ್ ಆರ್ಥಡಾಕ್ಸ್: ಜನನೋಪವಾಸ 40 ದಿನ, ನವೆಂಬರ್ 15–ಡಿಸೆಂಬರ್ 24, ಜೂಲಿಯನ್ ಪಂಚಾಂಗದವರಿಗೆ ನವೆಂಬರ್ 28–ಜನವರಿ 6
- ಕಾಪ್ಟಿಕ್ ಮತ್ತು ಇಥಿಯೋಪಿಯನ್: 43 ದಿನ, ಕ್ರಿಸ್‌ಮಸ್ ಜನವರಿ 7
- ಆರ್ಮೇನಿಯನ್ ಪ್ರೇಷಿತ ಸಭೆ: ಕ್ರಿಸ್‌ಮಸ್ ಜನವರಿ 6
- ಸಿರೋ–ಮಲಬಾರ್: ಮಂಗಳವಾರ್ತಾ ಕಾಲ, 4 ಭಾನುವಾರ, ಡಿಸೆಂಬರ್ 1ರಿಂದ 25 ದಿನಗಳ ನೋಂಬು (ಉಪವಾಸ)
- ಮಲಂಕರ ಆರ್ಥಡಾಕ್ಸ್: 25 ದಿನಗಳ ನೋಂಬು
- ಕರ್ನಾಟಕದ ಸಿರೋ–ಮಲಬಾರ್ ಧರ್ಮಪ್ರಾಂತಗಳು: ಬೆಳ್ತಂಗಡಿ (1999), ಭದ್ರಾವತಿ (2007), ಮಂಡ್ಯ (2010)
- ಸಿರೋ–ಮಲಂಕರ: ಪುತ್ತೂರು (2010)
- ಒಂದೇ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹೀಗೆ ಮೂರು ಕಥೋಲಿಕ ವಿಧಿಗಳ ಸಿದ್ಧತೆ ಏಕಕಾಲಕ್ಕೆ: ಲ್ಯಾಟಿನ್, ಸಿರೋ–ಮಲಬಾರ್, ಸಿರೋ–ಮಲಂಕರ
- ಪಾಶ್ಚಾತ್ಯ ಅಪವಾದ: ಮಿಲಾನಿನ ಅಂಬ್ರೋಸಿಯನ್ ವಿಧಿ, 6 ಭಾನುವಾರ

ಕರ್ನಾಟಕ

- ಬಾಸೆಲ್ ಮಿಷನ್: ಮಂಗಳೂರು ಪ್ರವೇಶ 1834, ಸ್ಯಾಮ್ಯುಯೆಲ್ ಹೆಬಿಕ್, ಲೆಹ್ನರ್, ಗ್ರೈನರ್
- ಮೇಣಬತ್ತಿ ವೃತ್ತವನ್ನು ಇವರೇ ಹೊತ್ತು ತಂದರು ಎಂಬ ಹೇಳಿಕೆ: ಕಾಲಾನುಕ್ರಮಕ್ಕೆ ವಿರುದ್ಧ (ಪ್ರವೇಶ 1834, ವೃತ್ತ 1839)
- ಸಂಪೂರ್ಣ ಕನ್ನಡ ಸತ್ಯವೇದ: ಬಳ್ಳಾರಿಯ ಜಾನ್ ಹ್ಯಾಂಡ್ಸ್ ತಂಡ, 1831
- ಫರ್ಡಿನಾಂಡ್ ಕಿಟ್ಟೆಲ್: ‘ಕಥಾಮಾಲೆ’ (1862), ದೇಶೀ ಛಂದಸ್ಸಿನಲ್ಲಿ ಕ್ರಿಸ್ತಚರಿತೆ, ನಿಘಂಟು 1894
- ಮಂಜೇಶ್ವರ ಗೋವಿಂದ ಪೈ ಅವರ ‘ಗೊಲ್ಗೊಥಾ’: ವಸ್ತು ಕ್ರಿಸ್ತನ ಅಂತ್ಯ, ಜನನವಲ್ಲ
- ದಕ್ಷಿಣ ಭಾರತ ಸಭೆ (ಸಿಎಸ್‌ಐ): 27 ಸೆಪ್ಟೆಂಬರ್ 1947, ಚೆನ್ನೈ. ಕರ್ನಾಟಕದ ಸಭಾಪ್ರಾಂತಗಳು 3: ಉತ್ತರ (ಧಾರವಾಡ), ಮಧ್ಯ (ಬೆಂಗಳೂರು), ದಕ್ಷಿಣ (ಮಂಗಳೂರು)
- ಹಡ್ಸನ್ ಸ್ಮಾರಕ ಚರ್ಚ್, ಬೆಂಗಳೂರು: 1904, ಕನ್ನಡ ಸಭೆ
- ಸಂತ ಫಿಲೋಮಿನಾ ಚರ್ಚ್, ಮೈಸೂರು: ಶಿಲಾನ್ಯಾಸ 1933, ನಾಲ್ವಡಿ ಕೃಷ್ಣರಾಜ ಒಡೆಯರ್, ಮಾದರಿ ಕಲೋನ್ ಕ್ಯಾಥೆಡ್ರಲ್
- ರಾಜ್ಯದ ಇತ್ತೀಚಿನ ಲ್ಯಾಟಿನ್ ಧರ್ಮಪ್ರಾಂತ: ಉಡುಪಿ (2012)
- ‘ರಾಕ್ಣೊ’: ಮಂಗಳೂರು ಧರ್ಮಪ್ರಾಂತದ ಕೊಂಕಣಿ ವಾರಪತ್ರಿಕೆ; ಸ್ಥಾಪನೆ 1938; ಕನ್ನಡ ಲಿಪಿ

*ಮನೆ ಮತ್ತು ಧರ್ಮಕೇಂದ್ರದ ರೂಢಿಗಳು*
- ಗೋದಲಿಯ ಪೈರು: ತಟ್ಟೆಯಲ್ಲಿ ರಾಗಿ ಅಥವಾ ಭತ್ತದ ಮೊಳಕೆ, ಬಿತ್ತನೆ ಹಬ್ಬಕ್ಕೆ ಕೆಲ ದಿನ ಮುಂಚೆ
- ಹುಲ್ಲುಕಡ್ಡಿ ರೂಢಿ: ಮಕ್ಕಳ 1 ಸತ್ಕಾರ್ಯಕ್ಕೆ ಗೋದಲಿಯಲ್ಲಿ 1 ಕಡ್ಡಿ
- ಕ್ರಿಸ್‌ಮಸ್ ಫ್ರೆಂಡ್: ಚೀಟಿ ಎತ್ತಿ ಆಯ್ದವರಿಗಾಗಿ ಗುಟ್ಟಾಗಿ ಪ್ರಾರ್ಥನೆ, ಕೊನೆಗೆ ಉಡುಗೊರೆ
- ಕ್ಯಾರಲ್ ತಂಡ: ಮನೆ ಮನೆ ಭೇಟಿ, ಹಾಡು, ಪ್ರಾರ್ಥನೆ, ಕಾಣಿಕೆ ಡಬ್ಬಿ
- ಕುಸ್ವಾರ್: ಕರಾವಳಿಯ ಕ್ರಿಸ್‌ಮಸ್ ತಿನಿಸುಗಳ ಸಮೂಹನಾಮ. ನೆವ್ರಿ, ಕಿಡಿಯೊ, ಗುಳಿಯೊ, ರೋಸ್ ಕುಕ್ಕಿ, ಚಕ್ಕುಲಿ, ಎಳ್ಳುಂಡೆ. ತಯಾರಿ ಆಗಮನ ಕಾಲದಲ್ಲಿ, ಹಂಚಿಕೆ ಹಬ್ಬಕ್ಕೆ. ಕರಿಯುವವರ ಕೈಯಿಂದ ಮಕ್ಕಳ ಬಾಯಿಗೆ ಸೋರುವ ಪಾಲು ಯಾವ ಧರ್ಮಸಭೆಯ ವಿಧಿಯಲ್ಲೂ ಇಲ್ಲ

ವಿಶ್ವದ ಆಚರಣೆಗಳು

- ಸಿಂಬಾಂಗ್ ಗಾಬಿ: ಫಿಲಿಪೀನ್ಸ್, ಡಿಸೆಂಬರ್ 16–24, ನಸುಕಿನ 9 ಪೂಜೆಗಳು
- ಲಾಸ್ ಪೊಸಾದಾಸ್: ಮೆಕ್ಸಿಕೊ; ಡಿಸೆಂಬರ್ 16–24; ತಂಗಲು ಮನೆ ಹುಡುಕಿದ ಮರಿಯ–ಜೋಸೆಫರ ಮೆರವಣಿಗೆ
- ಒಂಬತ್ತು ಪಠಣ ಮತ್ತು ಗೀತೆಗಳು: ಟ್ರೂರೊ, 24 ಡಿಸೆಂಬರ್ 1880, ಬಿಷಪ್ ಎಡ್ವರ್ಡ್ ವೈಟ್ ಬೆನ್ಸನ್, ಕೇಂಬ್ರಿಡ್ಜ್ ಕಿಂಗ್ಸ್ ಕಾಲೇಜು 1918, ಎರಿಕ್ ಮಿಲ್ನರ್–ವೈಟ್, ಬಿಬಿಸಿ ಪ್ರಸಾರ 1928ರಿಂದ
- ವ್ಯಾಟಿಕನ್ ಆಗಮನ ಪ್ರವಚನ: ಪೋಪ್ ಮನೆತನದ ಪ್ರವಚನಕಾರರು, 1743ರಿಂದ ಕಪುಚಿನ್ ಸಂಸ್ಥೆಗೆ ಮೀಸಲು. ರಾನಿಯೆರೊ ಕಾಂತಲಮೆಸ್ಸ 1980–2024. ಉತ್ತರಾಧಿಕಾರಿ ರೊಬೆರ್ತೊ ಪಸೋಲಿನಿ

ಸಂಗೀತ ಮತ್ತು ಸಾಹಿತ್ಯ

- ಆಗಮನದ ಸ್ತೋತ್ರ ‘ವೇನಿ ರೆದೆಂಪ್ತೊರ್ ಜೆಂತಿಯುಮ್’: ಸಂತ ಅಂಬ್ರೋಸ್, 4ನೇ ಶತಮಾನ, ಜರ್ಮನ್ ರೂಪ ಮಾರ್ಟಿನ್ ಲೂಥರ್, 1524
- ಅದೇ ಸ್ತೋತ್ರ ಆಧರಿಸಿದ ಬಾಖ್‌ನ ಕಂಟಾಟಗಳು (ವಾದ್ಯಸಹಿತ ಗಾಯನ ಕೃತಿಗಳು): ಸಂಖ್ಯೆ 61 (ವೈಮರ್, 1714), ಸಂಖ್ಯೆ 62 (ಲೈಪ್‌ಜಿಗ್, 1724)
- ಬಾಖ್ ಕಾಲದ ಲೈಪ್‌ಜಿಗ್ ನಿಯಮ: 2, 3, 4ನೇ ಆಗಮನ ಭಾನುವಾರ ಕಂಟಾಟ ಇರಲಿಲ್ಲ, ಮೌನದ ವಾರಗಳು
- ಹ್ಯಾಂಡೆಲ್‌ನ ‘ಮೆಸ್ಸಾಯ’: ಮೊದಲ ಪ್ರದರ್ಶನ ಡಬ್ಲಿನ್, 13 ಏಪ್ರಿಲ್ 1742, ಡಿಸೆಂಬರ್ ಎಂಬ ಆಯ್ಕೆ ತಪ್ಪು
- ಸೆರೆಮನೆಯ ಆಗಮನ ಬರಹಗಳು: ಜೆಸ್ವಿಟ್ ಆಲ್ಫ್ರೆಡ್ ಡೆಲ್ಪ್, ಬರ್ಲಿನ್‌ನ ಟೆಗೆಲ್ ಜೈಲು, 1944, ಗಲ್ಲು 2 ಫೆಬ್ರವರಿ 1945

ಗೊಂದಲದ ಜೋಡಿಗಳು

- ಅಡ್ವೆಂಟ್ ಕಾಲ / ಅಡ್ವೆಂಟಿಸ್ಟ್ ಸಭೆ: ಎರಡನೆಯದು ಏಳನೇ ದಿನದ ಅಡ್ವೆಂಟಿಸ್ಟ್, ಸ್ಥಾಪನೆ 1863, ಅಮೆರಿಕ, ಹೆಸರಿನ ಮೂಲ ಎರಡನೇ ಬರುವಿಕೆ
- ಅಮಲೋದ್ಭವ / ಮಂಗಳವಾರ್ತೆ: ಮೊದಲನೆಯದು ಮರಿಯಳ ಗರ್ಭೋತ್ಪತ್ತಿ (ಡಿಸೆಂಬರ್ 8), ಎರಡನೆಯದು ಯೇಸುವಿನದು (ಮಾರ್ಚ್ 25)
- ಕುರುಬರು / ಜ್ಞಾನಿಗಳು: ಕುರುಬರು ಲೂಕನಲ್ಲಿ ಮಾತ್ರ, ಜ್ಞಾನಿಗಳು ಮತ್ತಾಯನಲ್ಲಿ ಮಾತ್ರ. ಜ್ಞಾನಿಗಳ ಸಂಖ್ಯೆ 3 ಎಂಬುದು ಸತ್ಯವೇದದಲ್ಲಿ ಇಲ್ಲ, ಕಾಣಿಕೆಗಳು 3

ಮುಂಬರುವ 1ನೇ ಆಗಮನ ಭಾನುವಾರಗಳು

- 29 ನವೆಂಬರ್ 2026: ‘ಬಿ’ ವರ್ಷ, 26 ದಿನ
- 28 ನವೆಂಬರ್ 2027: ‘ಸಿ’ ವರ್ಷ, 27 ದಿನ
- 3 ಡಿಸೆಂಬರ್ 2028: ‘ಎ’ ವರ್ಷ, 22 ದಿನ
- 2 ಡಿಸೆಂಬರ್ 2029: ‘ಬಿ’ ವರ್ಷ, 23 ದಿನ
- 1 ಡಿಸೆಂಬರ್ 2030: ‘ಸಿ’ ವರ್ಷ, 24 ದಿನ. ಅಂಗಡಿಯ ಕ್ಯಾಲೆಂಡರ್ ಮತ್ತು ಚರ್ಚಿನ ಲೆಕ್ಕ ಒಂದಾಗುವ ವರ್ಷ